ರಂಪಣಿಯ ಹಗ್ಗ ಕಟ್ಟಿದ ಮರ

ಗಾಳಿಮರ ಮುರಿಯುವ ಮೊದಲು ಯಾವ ಸೂಚನೆಯನ್ನೂ ಕೊಡುವುದಿಲ್ಲ ಎಂದು ಕೆಲಸಕ್ಕೆ ಹೊರಡುವ ಮುನ್ನ ನಮಗೆ ಹೇಳಿಕೊಟ್ಟಿದ್ದರು. ಅದು ಪೂರ್ತಿ ನಿಜವಲ್ಲ. ನಾನು ನೋಡಿದ ಮರ ಸೂಚನೆ ಕೊಟ್ಟಿತ್ತು. ತೊಗಟೆಯ ಸಣ್ಣ ತೂತುಗಳಿಂದ ಬಿಳಿ ಹುಡಿ ಉದುರಿತು, ಜರಡಿಯಿಂದ ರವೆ ಉದುರಿದ ಹಾಗೆ. ಅದು ಏನೆಂದು ತಿಳಿದುಕೊಳ್ಳಲು ನನಗೆ ಸಿಕ್ಕ ಸಮಯದಲ್ಲಿ ಒಬ್ಬ ಮನುಷ್ಯ ಒಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಳ್ಳಬಹುದು, ಅಷ್ಟೇ. ಬಸ್ಸಿನಲ್ಲಿ ಕೂತಾಗ, ಊಟಕ್ಕೆ ಕೂತಾಗ, ಈಗಲೂ ಆ ಹುಡಿ ಉದುರುವುದು ಕಣ್ಣ ಮುಂದೆ ಬರುತ್ತದೆ. ಬಂದಾಗಲೆಲ್ಲ ಮುಂದಿನದನ್ನೂ ಒಂದೊಂದಾಗಿ ನೋಡಿ ಮುಗಿಸದೆ ಬೇರೆ ಕೆಲಸಕ್ಕೆ ಮನಸ್ಸು ಹೋಗುವುದಿಲ್ಲ.

ಹೋದ ಮಳೆಗಾಲ ಮುಗಿಯುತ್ತಿದ್ದ ಹಾಗೆ ನಮ್ಮ ತಂಡ ಅಂಕೋಲೆ ಬಳಿಯ ಹಾರವಾಡಕ್ಕೆ ಬಂತು. ತಂಡ ಎಂದರೆ ಮೂರೇ ಜನ. ಪ್ರಾಣಿಶಾಸ್ತ್ರ ಕಲಿಸುವ ನಮ್ಮ ಪ್ರಾಧ್ಯಾಪಕಿ, ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದ ನಾನು, ನನ್ನ ತರಗತಿಯ ಗೆಳೆಯ. ನಾನು ಕಾರವಾರ ಪೇಟೆಯಲ್ಲೇ ಬೆಳೆದವಳು, ಮನೆಯಲ್ಲಿ ಕೊಂಕಣಿ. ಗೆಳೆಯ ಹಾವೇರಿ ಕಡೆಯವನು. ಕಡಲನ್ನು ಕಂಡ ಮೊದಲ ದಿನ ಅವನು ಪ್ಯಾಂಟು ಮಡಿಸಿಕೊಂಡು ನೀರಿಗಿಳಿದವನು ಪ್ರಾಧ್ಯಾಪಕಿ ಕರೆಯುವ ತನಕ ಮೇಲೆ ಬರಲಿಲ್ಲ.

ನಾವು ಹುಡುಕುತ್ತಿದ್ದುದು ಒಂದು ದುಂಬಿಯನ್ನು. ಕಂದು ಬಣ್ಣ, ಅಕ್ಕಿಕಾಳಿನಷ್ಟು ಉದ್ದ, ಗುಂಡುಸೂಜಿ ಚುಚ್ಚಿದಂತೆ ತೂತು ಕೊರೆಯುತ್ತದೆ. ಇದು ನಮ್ಮ ನೆಲದ್ದಲ್ಲ. ದೂರದ ಖಂಡದಿಂದ ಮರದ ದಿಮ್ಮಿಗಳ ಒಳಗೆ ಕೂತು ಬಂದಿದೆ. ಮರವನ್ನು ಇದು ತಿನ್ನುವುದಿಲ್ಲ. ಕಾಂಡದೊಳಗೆ ಸುರಂಗ ತೋಡಿ, ಅದರಲ್ಲಿ ಬೂಜು ಬೆಳೆಸಿ, ಆ ಬೂಜನ್ನು ತಿಂದು ಸಂಸಾರ ಮಾಡುತ್ತದೆ. ಬೂಜಿನ ಹಿಂದೆಯೇ ಕೊಳೆ ಬರುತ್ತದೆ. ಮರ ಹೊರಗಿನಿಂದ ಹಸಿರಾಗಿದ್ದುಕೊಂಡೇ ಒಳಗಿನಿಂದ ಟೊಳ್ಳಾಗುತ್ತದೆ. ಕರಾವಳಿಯ ಗಾಳಿಮರದ ತೋಪುಗಳಲ್ಲಿ ಇದು ಕಾಣಿಸಿಕೊಂಡಿತ್ತು. ಕಾಳಿ ನದಿಯ ದಾರಿ ಹಿಡಿದು ಕದ್ರಾದ ಮೇಲಿನ ಕಾಡಿಗೂ ಹೋಗುತ್ತಿದೆಯೇ ಎಂಬುದು ಎಲ್ಲರ ಆತಂಕ. ಹಾಗಾಗಿ ಹಾರವಾಡದಲ್ಲಿ ಅಧ್ಯಯನದ ಒಂದು ಪ್ಲಾಟು, ಅಮದಳ್ಳಿಯಲ್ಲಿ ಒಂದು, ಕದ್ರಾ ಅಣೆಕಟ್ಟಿನ ಹಿಂದಿನ ಕಾಡಿನಲ್ಲಿ ಒಂದು. ಕದ್ರಾದ್ದನ್ನು ಪ್ರಾಧ್ಯಾಪಕಿ ಇಟ್ಟುಕೊಂಡರು, ಅಮದಳ್ಳಿಯದು ಗೆಳೆಯನಿಗೆ, ಹಾರವಾಡದ್ದು ನನಗೆ. ನನ್ನ ಪ್ರಬಂಧ ನಿಂತಿದ್ದು ಈ ಪ್ಲಾಟಿನ ಮೇಲೆ. ಕೆಲಸಕ್ಕೆ ಮಾತ್ರ ನಾನೂ ಗೆಳೆಯನೂ ಎರಡೂ ಕಡೆ ಜೊತೆಗೇ ಹೋಗುತ್ತಿದ್ದೆವು.

ಕೆಲಸ ಹೇಳಿದರೆ ಸರಳ. ನೀರಿನ ದೊಡ್ಡ ಪ್ಲಾಸ್ಟಿಕ್ ಬಾಟಲಿಯ ಪಕ್ಕದಲ್ಲಿ ಕಿಟಕಿ ಕೊಯ್ದು, ತಲೆಕೆಳಗಾಗಿ ಮರಕ್ಕೆ ತೂಗುಹಾಕುವುದು. ಒಳಗೆ ಒಂದು ಪುಟ್ಟ ಪೊಟ್ಟಣದಲ್ಲಿ ಸ್ಪಿರಿಟ್. ಸೊರಗಿದ ಮರ ಇದೇ ವಾಸನೆ ಬಿಡುತ್ತದೆ, ದುಂಬಿ ಅದನ್ನು ಹುಡುಕಿಕೊಂಡು ಬರುತ್ತದೆ. ಕೆಳಗೆ ಮುಚ್ಚಳದ ಕಡೆ ಸೋಪಿನ ನೀರು, ಬಿದ್ದದ್ದು ಮೇಲೆ ಬರುವುದಿಲ್ಲ. ವಾರಕ್ಕೊಮ್ಮೆ ಬಾಟಲಿ ಬಸಿದು ಹುಳ ಎಣಿಸುವುದು. ಆಮೇಲೆ ಪ್ರತಿ ಮರದ ಕಾಂಡದಲ್ಲಿ ಎದೆಯ ಎತ್ತರಕ್ಕೆ ಒಂದು ಪಟ್ಟಿ ಗುರುತಿಸಿ ಅದರೊಳಗಿನ ತೂತುಗಳನ್ನು ಎಣಿಸುವುದು, ಸುತ್ತಿಗೆಯ ಹಿಡಿಯಿಂದ ಬಡಿದು ಸದ್ದು ಕೇಳುವುದು. ಗಟ್ಟಿ ಮರ ಚುಟುಕಾಗಿ ಉತ್ತರ ಕೊಡುತ್ತದೆ. ಹುಳ ಹೊಕ್ಕಿದ್ದು ಹಳೆಯ ಡಬ್ಬದ ಹಾಗೆ ಗುಂಯ್ ಎನ್ನುತ್ತದೆ. ಗಟ್ಟಿಯದಕ್ಕೆ ಬಿಳಿ ಬಣ್ಣದ ಗುರುತು, ಟೊಳ್ಳಿಗೆ ಕೆಂಪು. ಗುರುತುಗಳನ್ನೆಲ್ಲ ಊರಿನ ಕಡೆಗೆ ಮುಖ ಮಾಡಿ ಬಳಿದೆವು. ಕಡಲ ಕಡೆಗೆ ಬಳಿದದ್ದನ್ನು ಉಪ್ಪುಗಾಳಿಯೂ ಮರಳೂ ಸೇರಿ ತಿಂಗಳೊಳಗೆ ಉಜ್ಜಿ ತೆಗೆಯುತ್ತವೆ. ಎಲ್ಲ ಕಡೆಯೂ ಹೀಗೆಯೇ ಮಾಡುವುದು, ಅದರಲ್ಲಿ ನಮಗೆ ವಿಶೇಷವೇನೂ ಕಾಣಲಿಲ್ಲ.

ತೋಪಿನ ನೆರಳಲ್ಲಿ ಮೀನು ಒಣಗಿಸುವ ಹೆಂಗಸರು ಕೂರುತ್ತಿದ್ದರು. ಅವರಲ್ಲಿ ಹಿರಿಯಳನ್ನು ಊರೆಲ್ಲ ಆಯಿ ಎನ್ನುತ್ತಿತ್ತು, ನಾವೂ ಹಾಗೇ ಕರೆದೆವು. ಅವಳು ನನ್ನನ್ನು ಬಾಯಿ ಎನ್ನುತ್ತಿದ್ದಳು, ಅಕ್ಕ ಎಂದ ಹಾಗೆ. ಬಾಟಲಿ ಕಟ್ಟಿದ ಮೊದಲ ದಿನವೇ ಅವಳು ಬಂದು ಮೂಸಿ ನೋಡಿದಳು.

“ಎಂತಾ ಬಾಯಿ ಇದು, ಮರಕ್ಕೆ ದಾರು ಕುಡಿಸ್ತ್ರ್ಯಾ?”

ಈ ವಾಸನೆಗೆ ಹುಳ ಬಂದು ಬೀಳುತ್ತದೆ ಎಂದು ನಾನು ವಿವರಿಸಿದೆ.

“ಹಾಂಗಾದ್ರೆ ಜ್ವಾಕೆ. ನಮ್ಮನೆ ಹುಳನೂ ಸಂಜಿಗೆ ಇದೇ ವಾಸ್ನೆ ಹುಡ್ಕಂಡು ಹೊರಡ್ತದೆ,” ಎಂದಳು. ಮೀನಿನ ಚಾಪೆಯ ಮೇಲೆ ಕೂತವರೆಲ್ಲ ನಕ್ಕರು. ಗೆಳೆಯ ಗಾಬರಿಯಾಗಿ, ಇದನ್ನು ಕುಡಿದರೆ ಕಣ್ಣು ಹೋಗುತ್ತದೆ ಎಂದು ತನ್ನ ಹಾವೇರಿ ಮಾತಿನಲ್ಲಿ ತಿಳಿಹೇಳಲು ಹೊರಟ. ಅವನ ಮಾತಿಗೇ ಅವರು ಇನ್ನಷ್ಟು ನಕ್ಕರು. ಅಂದಿನಿಂದ ಅವನ ಹೆಸರು ದಾರು ಮಾಸ್ತರ ಎಂದಾಯಿತು.

ನಗದೆ ಇದ್ದವನು ತಾಂಡೇಲ, ಅಂದರೆ ಊರವರೆಲ್ಲ ಸೇರಿ ದಡದಿಂದ ಎಳೆಯುವ ರಂಪಣಿ ಬಲೆಯ ಮುಖ್ಯಸ್ಥ. ಕೆಂಪು ಗುರುತಿನ ಅರ್ಥವೇನೆಂದು ವಿಚಾರಿಸಿ, ಪ್ರಾಧ್ಯಾಪಕಿಯ ಬಳಿ ಬಂದು ನಿಂತ. ಅಲ್ಲಿ ಹೆಂಗಸರು ಕೂರುತ್ತಾರೆ, ಒಳಗೆ ಸತ್ವವಿಲ್ಲ ಅಂತಾದರೆ ಆ ಮರಗಳನ್ನು ಅರಣ್ಯ ಇಲಾಖೆಯವರಿಗೆ ಹೇಳಿ ಕಡಿಸಿಕೊಡಿ ಎಂದು ಕೇಳಿದ. ಪ್ರಾಧ್ಯಾಪಕಿ ಕಡಲಂಚಿನ ಕಡೆ ಕೈತೋರಿಸಿದರು. ಆ ಮಳೆಗಾಲದಲ್ಲೇ ಕಡಲು ಕೊರೆದು ತೋಪಿನ ಮುಂದಿನ ಸಾಲನ್ನು ಎಳೆದುಕೊಂಡು ಹೋಗಿತ್ತು. ಉಳಿದ ಮರಗಳೇ ಊರಿನ ಮರಳನ್ನು ಹಿಡಿದಿದ್ದವು. ಹುಳ ಹೊಕ್ಕ ಮರಗಳಲ್ಲಿ ಎಷ್ಟು ಸಾಯುತ್ತವೆ, ಎಷ್ಟು ಚೇತರಿಸಿಕೊಳ್ಳುತ್ತವೆ ಎಂದು ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದೆ ಕಡಿಯುತ್ತ ಹೋದರೆ ಇಡೀ ತೀರದ ತೋಪೇ ಹೋಗುತ್ತದೆ. ಗೊತ್ತಾಗಬೇಕಾದರೆ ಕೆಂಪು ಗುರುತಿನವು ಬೇಸಿಗೆ ಮುಗಿಯುವ ತನಕ ನಿಲ್ಲಬೇಕು. ತಾಂಡೇಲ ಇದನ್ನು ಕೇಳಿಸಿಕೊಂಡು ಕಡಲಂಚಿನ ಕಡೆ ತಿರುಗಿದ.

“ನಿಲ್ಲಲಿ ಅಕ್ಕೋರೆ,” ಎಂದ. “ನಿಲ್ಲುವಷ್ಟು ದಿನ ನಿಲ್ಲಲಿ.”

ವಾರಗಳು ಕಳೆದವು. ಕೆಲಸ ಕೈಗೆ ಹತ್ತಿತು. ತೂತಿನ ಅಂಚು ನೋಡಿಯೇ ಅದು ಹೊಸದೋ ಹಳೆಯದೋ ಹೇಳುವಷ್ಟು ನನ್ನ ಕಣ್ಣು ಪಳಗಿತು. ಬಡಿದು ಕೇಳುವುದರಲ್ಲಂತೂ ನನಗೆ ಸಣ್ಣ ಹೆಮ್ಮೆಯೇ ಇತ್ತು. ಕದ್ರಾದ ಬಾಟಲಿಗಳಿಗೆ ಅದುವರೆಗೆ ನಮ್ಮ ದುಂಬಿ ಬಿದ್ದಿರಲಿಲ್ಲ, ಅದೊಂದು ಸಮಾಧಾನ. ಆದರೆ ಹಾರವಾಡದ ಲೆಕ್ಕದಲ್ಲಿ ಒಂದು ತೊಡಕು ಕಾಣಿಸಿತು. ದುಂಬಿ ಒಳಗೆ ಕೆಲಸ ಮಾಡುತ್ತಿದೆ ಎಂಬುದಕ್ಕೆ ಗುರುತು ತೂತಿನ ಬಾಯಲ್ಲಿ ನಿಲ್ಲುವ ಹೊಸ ಹುಡಿ. ನಾವು ಹೋಗುತ್ತಿದ್ದುದು ಮಧ್ಯಾಹ್ನ. ಅಷ್ಟರಲ್ಲಿ ಕಡಲಗಾಳಿ ಎದ್ದು ಹುಡಿಯನ್ನೆಲ್ಲ ಹಾರಿಸಿಬಿಟ್ಟಿರುತ್ತಿತ್ತು. ಕೆಂಪು ಗುರುತಿನ ಮರಗಳಲ್ಲಿ ಹುಡಿಯೇ ಇಲ್ಲ ಎಂದು ಬರೆದುಕೊಂಡು ಬರುತ್ತಿದ್ದೆವು. ಇನ್ನು ಮೇಲೆ ಬೆಳಿಗ್ಗೆ, ಗಾಳಿ ಏಳುವ ಮೊದಲು ಹೋಗಿ ಎಂದು ಪ್ರಾಧ್ಯಾಪಕಿ ಹೇಳಿದರು.

ರಂಪಣಿ ಎಳೆಯುವುದು ಬೆಳಿಗ್ಗೆ. ಹಾಗಾಗಿ ಅಷ್ಟು ವಾರ ಒಂದೇ ತೋಪಿನಲ್ಲಿ ಕೆಲಸ ಮಾಡಿದರೂ ಅವರು ಬಲೆ ಎಳೆಯುವುದನ್ನು ನಾವು ನೋಡಿರಲಿಲ್ಲ, ನಾವು ಮರ ಬಡಿಯುವುದನ್ನು ಗಂಡಸರು ನೋಡಿರಲಿಲ್ಲ. ನಾವು ಊರಿನ ಕಡೆಯಿಂದ ತೋಪಿಗೆ ಹೋಗಿ ಊರಿನ ಕಡೆಗೇ ಮರಳುತ್ತಿದ್ದೆವು. ಅವರು ಕಡಲಿನಿಂದ ಬಂದು ಕಡಲ ಕಡೆಯ ಮರಗಳನ್ನಷ್ಟೇ ಬಳಸುತ್ತಿದ್ದರು.

ಮೊದಲ ಬೆಳಗಿನ ಭೇಟಿಯ ದಿನ ನಾನೂ ಗೆಳೆಯನೂ ತೋಪು ಸೇರುವ ಮೊದಲೇ ದಂಡೆಯಿಂದ ಕೂಗು ಕೇಳಿಸಿತು. ಬಂಗಡೆಯ ದೊಡ್ಡ ಹಿಂಡು ದಡದ ಹತ್ತಿರ ಬಂದಿತ್ತು. ಆ ವರ್ಷ ಅದುವರೆಗೆ ಬಲೆ ಬಿಟ್ಟಾಗಲೆಲ್ಲ ಕಸವೂ ಲೋಳೆಮೀನೂ ಬಂದದ್ದೇ ಹೆಚ್ಚು ಎಂದು ಆಯಿ ಹೇಳುತ್ತಿದ್ದಳು. ದೋಣಿ ಆಗಲೇ ಬಲೆಯನ್ನು ಅರ್ಧಚಂದ್ರದ ಹಾಗೆ ಸುತ್ತಿ ತಂದಿತ್ತು. ಬಲೆಯ ಎರಡು ತುದಿಯ ಎರಡು ಹಗ್ಗ ದಂಡೆಯ ಮೇಲಿದ್ದವು. ತೆಂಕಲ ಹಗ್ಗಕ್ಕೆ ಒಂದು ಸಾಲು ಜನ, ಬಡಗಲ ಹಗ್ಗಕ್ಕೆ ಇನ್ನೊಂದು ಸಾಲು. ರಂಪಣಿಗೆ ಯಾರು ಬೇಕಾದರೂ ಕೈಹಾಕಬಹುದು. ಹಗ್ಗ ಹಿಡಿದವರಿಗೆಲ್ಲ ಮೀನಿನಲ್ಲಿ ಪಾಲು ಎಂಬುದು ಅಲ್ಲಿನ ಪದ್ಧತಿ. ನಮ್ಮನ್ನು ಕಂಡವರು ಕರೆದರು. ಗೆಳೆಯ ಚೀಲ ಬಿಸಾಕಿ ಬಡಗಲ ಸಾಲಿನ ನಡುವೆ ನುಗ್ಗಿದ. ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳಬೇಡ ಎಂದು ಪಕ್ಕದವನು ಅವನಿಗೆ ಎರಡು ಸಲ ಹೇಳಿದ್ದನ್ನು ನಾನು ಕೇಳಿದೆ.

ನನ್ನನ್ನು ಆಯಿ ತನ್ನ ಹತ್ತಿರಕ್ಕೆ ಕರೆದಳು. ಅದೇ ಬಡಗಲ ಹಗ್ಗದ ಕೊನೆಯಲ್ಲಿ ಅವಳ ಕೆಲಸ. ಸಾಲು ಎಳೆದುಕೊಟ್ಟ ಹಗ್ಗವನ್ನು ಅವಳು ಒಂದು ಗಾಳಿಮರಕ್ಕೆ ಮೂರು ಸುತ್ತು ಹಾಕಿ ಬಿಗಿ ಹಿಡಿಯುತ್ತಿದ್ದಳು, ನಾನು ಹಿಂದೆ ಉಳಿದದ್ದನ್ನು ಮರಳಿನ ಮೇಲೆ ಸುರುಳಿ ಸುತ್ತಬೇಕು. ಎಳೆಯುವವರು ಉಸಿರು ತೆಗೆದುಕೊಳ್ಳುವಾಗ ಬಲೆಯ ಭಾರವೆಲ್ಲ ಆ ಮರದ ಮೇಲೆ. ಹಿಂದಿನ ವರ್ಷದ ತನಕ ಅವರು ಸುತ್ತು ಹಾಕುತ್ತಿದ್ದ ಮರ ಕಡಲ ಪಾಲಾಗಿತ್ತು. ಈಗ ಅದರ ಹಿಂದಿನದಕ್ಕೆ ಹಾಕುತ್ತಿದ್ದರು. ಕಡಲಿಗೆ ಬೆನ್ನು ಹಾಕಿ ನಾನು ಆ ತೋಪನ್ನು ನೋಡಿದ್ದು ಅದೇ ಮೊದಲು. ಮರಗಳೆಲ್ಲ ಅಪರಿಚಿತವಾಗಿ ಕಂಡವು. ಒಂದರ ಮೇಲೂ ಬಣ್ಣವಿರಲಿಲ್ಲ.

ಬಲೆ ದಡಕ್ಕೆ ಹತ್ತಿರವಾದಂತೆ ಭಾರ ಹೆಚ್ಚಿತು. ನೀರಿನ ಮೇಲೆ ಬಂಗಡೆಗಳು ಚಿಮ್ಮುವುದು ದಂಡೆಗೇ ಕಾಣುತ್ತಿತ್ತು. ಸೊಂಟದ ತನಕ ನೀರಿನಲ್ಲಿ ನಿಂತಿದ್ದ ತಾಂಡೇಲ ಕೈಯೆತ್ತಿ, ಸ್ವಲ್ಪ ನಿಲ್ಲಿ ಎಂದ. ಸಾಲು ಸಡಿಲಾಯಿತು. ಹಗ್ಗ ಕಬ್ಬಿಣದ ಸಲಾಕೆಯ ಹಾಗೆ ಸೆಟೆದು ಮರವನ್ನು ಕಚ್ಚಿತು. ಆಗ ನನ್ನ ಮುಂಗೈ ಮೇಲೆ ಬಿಳಿ ಹುಡಿ ಬಿತ್ತು.

ಮೊದಲಿಗೆ ಖುಷಿಯಾಯಿತು. ಹೊಸ ಹುಡಿ, ಬೆಳಗಿನ ಹುಡಿ, ನಾವು ಹುಡುಕಿಕೊಂಡು ಬಂದದ್ದು ಇದನ್ನೇ. ಮರುಕ್ಷಣ ಹುಡಿ ಮತ್ತೆ ಬಿತ್ತು, ತೆರೆ ಹಿಂದೆ ಸರಿದು ಹಗ್ಗ ಇನ್ನಷ್ಟು ಬಿಗಿದಾಗ. ದುಂಬಿ ಹೊರಹಾಕುವ ಹುಡಿ ತೆರೆಯ ಲೆಕ್ಕದಲ್ಲಿ ಬರುವುದಿಲ್ಲ. ಕಾಂಡ ಹಿಂಡಿಕೊಳ್ಳುತ್ತಿತ್ತು. ಸುರುಳಿ ಬಿಟ್ಟು ಮರದ ಹಿಂದಕ್ಕೆ ಹೋದೆ. ಕೆಂಪು ಪಟ್ಟಿ, ಅದರ ಕೆಳಗೆ ನಾನೇ ಬರೆದ ಅಂಕಿ.

“ಆಯಿ, ಇದು ಹುಳ ಹೊಕ್ಕ ಮರ. ಮುರೀತದೆ. ಹಗ್ಗ ಬಿಡ್ಬೇಕು.”

ಅವಳು ನನ್ನ ಮುಖ ನೋಡಿದಳು, ಆಮೇಲೆ ಸಾಲಿನ ಕಡೆ ನೋಡಿದಳು. ಧ್ವನಿ ಏರಿಸಲಿಲ್ಲ. “ಸುಮ್ನೆ ಬಿಡುಕಾಗುದಿಲ್ಲ ಬಾಯಿ. ಬಿಟ್ರೆ ಬಳ್ಳಿ ಅವ್ರನ್ನೆಲ್ಲ ಎಳ್ಕಂಡು ಹೋಗ್ತದೆ.”

ಬಳ್ಳಿ ಎಂದರೆ ಅವರಿಗೆ ಹಗ್ಗ. ಭಾರವನ್ನು ಮರದಿಂದ ಬಿಡಿಸುವ ಮೊದಲು ಅದನ್ನು ಮನುಷ್ಯರು ಹೊರಬೇಕು, ಇಲ್ಲದಿದ್ದರೆ ಕಡಲು ಎಳೆದುಕೊಳ್ಳುವ ಹಗ್ಗದಲ್ಲಿ ಕಾಲೋ ಕೈಯೋ ಸಿಕ್ಕಿದವರು ಉಳಿಯುವುದಿಲ್ಲ. ಆಯಿ ಮೀನು ಹರಡುತ್ತಿದ್ದ ಹೆಂಗಸರನ್ನು ಕರೆದಳು. ಅವರು ಬಂದು ಮರದ ಮುಂದೆ ಹಗ್ಗ ಹಿಡಿದು, ಮರಳಿನಲ್ಲಿ ಹಿಮ್ಮಡಿ ಊರಿ ಸಾಲಾಗಿ ಕೂತರು. ಅವರು ಕೂತದ್ದು ಮರ ಬಿದ್ದರೆ ಬೀಳುವ ಜಾಗದಲ್ಲಿ. ಎಳೆಯುವವರನ್ನು ಉಳಿಸಲು ಇನ್ನಷ್ಟು ಜನರನ್ನು ಅದೇ ಮರದ ಕೆಳಗೆ ತಂದು ಕೂರಿಸಿದ್ದೆವು. ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಇಲ್ಲಿಯೇ. ಬೇರೆ ದಾರಿ ಇತ್ತೇ ಎಂದು ಎಷ್ಟೋ ಸಲ ಹುಡುಕಿದ್ದೇನೆ. ಇರಲಿಲ್ಲ.

ಆಯಿಯೂ ನಾನೂ ಸುತ್ತು ಬಿಡಿಸತೊಡಗಿದೆವು. ಒಂದು ಬಂತು. ಎರಡನೆಯದೂ ಬಂತು. ಮೂರನೆಯದು ತೊಗಟೆಯನ್ನು ಸೀಳಿ ಒಳಗೆ ಕೂತಿತ್ತು. ಒಂದೊಂದು ತೆರೆಗೂ ಇನ್ನಷ್ಟು ಒಳಗೆ ಹೋಗುತ್ತಿತ್ತು. ಮರದೊಳಗಿನಿಂದ ಕಬ್ಬು ಲಟಕ್ಕೆಂದ ಹಾಗೆ ಒಂದು ಸದ್ದು ಬಂತು. ಅಷ್ಟರಲ್ಲಿ ಏನೋ ಎಡವಟ್ಟಾಗಿದೆ ಎಂದು ಕಂಡು ತಾಂಡೇಲ ನೀರಿನಿಂದ ಓಡಿಬಂದ. ನಾನು ಕೆಂಪು ಪಟ್ಟಿ ತೋರಿಸಿದೆ. ಅವನು ಅದನ್ನು ನೋಡಿ, ತಿರುಗಿ ಕುದಿಯುತ್ತಿದ್ದ ಬಲೆಯನ್ನು ನೋಡಿದ. ಇನ್ನು ಸ್ವಲ್ಪ ಎಳೆದರೆ ಮೀನು ಮರಳಿನ ಮೇಲಿರುತ್ತಿತ್ತು.

“ಎಷ್ಟೊತ್ತು ನಿಲ್ತದೆ?”

“ಮುಂದಿನ ತೆರೆಗೇ ಹೋಗ್ಬಹುದು.”

“ಖರೆ ಹೇಳ್ತ್ಯಾ?”

“ಖರೆ.”

ಆ ಒಂದು ಮಾತು ಹೇಳುವಾಗ ನನಗೆ ಅನುಮಾನವಿರಲಿಲ್ಲ. ವಾರಗಟ್ಟಲೆ ಬಡಿದು ಕೇಳಿದ ಮರ ಅದು. ಅವನೂ ಮತ್ತೆ ಕೇಳಲಿಲ್ಲ. ನನ್ನ ಸೊಂಟದ ಚೀಲದಲ್ಲಿ ತೊಗಟೆಯ ತುಂಡು ತೆಗೆಯುವ ಚಾಕು ಇರುವುದು ಅವನಿಗೆ ಕಂಡಿತ್ತು. “ನಾ ಕೈ ಕೆಳ್ಗೆ ಬಿಟ್ ಕೂಡ್ಲೆ ಕೊಯ್ಯಿ. ಮೊದ್ಲು ಬ್ಯಾಡ,” ಎಂದು ಹೇಳಿ, ಸಾಲಿನ ಕಡೆ ತಿರುಗಿ ಕೈಯೆತ್ತಿದ. ಎಲ್ಲರೂ ಹಗ್ಗ ಬಿಟ್ಟು ಬಡಗಕ್ಕೆ ಓಡಬೇಕು ಎಂದು ಕೂಗಿದ. ಯಾರೂ ಯಾಕೆ ಎಂದು ಕೇಳಲಿಲ್ಲ. ಹೆಂಗಸರು ಎದ್ದು ಓಡಿದರು, ಜೊತೆಗೆ ಆಯಿಯೂ. ಸಾಲು ಒಡೆಯಿತು. ಭಾರವೆಲ್ಲ ಒಮ್ಮೆಗೆ ಮರದ ಮೇಲೆ ಬಿತ್ತು. ಮರ ಕಡಲಿನ ಕಡೆ ಬಾಗುವುದು ಕಾಂಡದ ಮೇಲಿದ್ದ ನನ್ನ ಎಡಗೈಗೆ ತಿಳಿಯಿತು.

ಅವನ ಕೈ ಇಳಿಯಿತು. ಬಿಗಿದ ಹಗ್ಗ ಕೊಯ್ಯಲು ಬಲ ಬೇಡ. ಚಾಕು ಮುಟ್ಟಿಸಿದೆ, ಎಳೆ ಎಳೆಯಾಗಿ ತಾನೇ ಬಿಚ್ಚಿಕೊಂಡಿತು. ಹಗ್ಗ ಸಿಳ್ಳೆ ಹಾಕಿದಂತೆ ಕಡಲಿಗೆ ಹಾರಿತು. ತಾಂಡೇಲ ನನ್ನ ತೋಳು ಹಿಡಿದು ಊರಿನ ಕಡೆಗೆ ಎಳೆದ. ಮರ ಒಮ್ಮೆ ನೆಟ್ಟಗಾಯಿತು, ಇನ್ನೇನೂ ಆಗುವುದಿಲ್ಲ ಎಂಬ ಹಾಗೆ ನಿಂತಿತು. ಆಮೇಲೆ ಎದೆಯ ಎತ್ತರದಲ್ಲಿ ಮುರಿದು, ಹೆಂಗಸರು ಕೂತೆದ್ದ ಮರಳಿನ ಮೇಲೆ ಉದ್ದಕ್ಕೆ ಬಿತ್ತು. ಅವರ ಹಿಮ್ಮಡಿ ಊರಿದ ಗುಂಡಿಗಳು ಕೊಂಬೆಗಳ ನಡುವೆ ಕಾಣುತ್ತಿದ್ದವು.

ಗೆಳೆಯ ಎಲ್ಲಿ ಎಂದು ನೋಡಿದಾಗ ಅವನು ನೀರಿನ ಅಂಚಿನಲ್ಲಿ ಬೋರಲು ಬಿದ್ದಿದ್ದ. ಬೇಡ ಎಂದರೂ ಅವನು ಹಗ್ಗವನ್ನು ಅಂಗೈಗೆ ಸುತ್ತಿಕೊಂಡಿದ್ದ. ಎಲ್ಲರೂ ಬಿಟ್ಟಾಗ ಅವನಿಗೆ ಬಿಡಿಸಿಕೊಳ್ಳಲು ಆಗಿರಲಿಲ್ಲ. ನಾನು ಕೊಯ್ದ ಹಗ್ಗ ಅವನನ್ನು ದಂಡೆಯ ಉದ್ದಕ್ಕೂ ಎಳೆದುಕೊಂಡು ಹೋಗಿ, ನೀರು ಮುಟ್ಟುವಲ್ಲಿ ಕೈ ಜಾರಿ ಬಿಟ್ಟುಹೋಗಿತ್ತು. ಇಬ್ಬರು ಅವನನ್ನು ಎತ್ತಿ ಕೂರಿಸಿದರು. ಅಂಗೈಯ ಚರ್ಮ ಪೂರಾ ಕಿತ್ತುಬಂದಿತ್ತು. ಅವನು ನನ್ನನ್ನು ನೋಡಿ, “ಮರ ಬಿತ್ತೇನ?” ಎಂದ. ಹೌದು ಎಂದೆ. “ಮತ್ಯಾರರ ಅದರ ಬುಡಕ?” ಯಾರೂ ಇಲ್ಲ ಎಂದೆ. ಅವನು ತಲೆಯಾಡಿಸಿ ಮರಳಿನ ಮೇಲೇ ಮಲಗಿಬಿಟ್ಟ. ಆಯಿ ನನ್ನನ್ನು ಕೂರಿಸಿ, ತನ್ನ ಸೆರಗಿನಿಂದ ನನ್ನ ಮುಖದ ಮರಳು ಒರೆಸಿದಳು.

ತೆಂಕಲ ಸಾಲು ತನ್ನ ಹಗ್ಗವನ್ನು ಬಿಟ್ಟಿರಲಿಲ್ಲ. ಬಡಗಲ ರೆಕ್ಕೆ ತೆರೆದುಕೊಂಡು ಹಿಂಡಿನ ದೊಡ್ಡ ಭಾಗ ಹೊರಟುಹೋಗಿತ್ತು. ಉಳಿದದ್ದನ್ನು ಎಳೆದು ತಂದರು. ಮೀನು ಪಾಲು ಹಾಕುವಾಗ ಒಬ್ಬ ನನ್ನ ಕಡೆ ನೋಡಿ, ಬಳ್ಳಿ ಕೊಯ್ದವರಿಗೂ ಪಾಲು ಉಂಟಾ ಎಂದು ಕುಟುಕಿದ. ಪೂರ್ತಿ ತಮಾಷೆಯೂ ಅಲ್ಲ ಅದು. ಬರಿಗೈಯಲ್ಲಿ ಹೋದ ಅಷ್ಟು ದಿನಗಳ ಸಿಟ್ಟು ಅದರಲ್ಲಿತ್ತು.

“ಬಳ್ಳಿಗೆ ಕೈ ಹಚ್ಚಿದವ್ರಿಗೆಲ್ಲ ಪಾಲು,” ತಾಂಡೇಲ ತಲೆಯೆತ್ತದೆ ಹೇಳಿದ. “ನಿನ್ ಹೆಂಡ್ತಿ ಆ ಮರದ ಬುಡಕ್ಕೇ ಕೂತಿದ್ಳು, ಮೊದ್ಲು ಅವ್ಳನ್ನ ಕೇಳ್ಕಂಡು ಬಾ.”

ಮಧ್ಯಾಹ್ನದ ಹೊತ್ತಿಗೆ ಕದ್ರಾದಿಂದ ಪ್ರಾಧ್ಯಾಪಕಿ ಬಂದರು. ಗೆಳೆಯನನ್ನು ಅಂಕೋಲೆಯ ಆಸ್ಪತ್ರೆಗೆ ಕಳಿಸಿ ಕೈಗೆ ಪಟ್ಟಿ ಕಟ್ಟಿಸಿ ಆಗಿತ್ತು. ಅವರು ಮೊದಲು ಮುರಿದ ಬುಡದ ಹತ್ತಿರ ಹೋದರು. ಒಳಗೆಲ್ಲ ಕಪ್ಪು ಅಂಚಿನ ಸುರಂಗಗಳು, ನಡುವೆ ಕೈಯಲ್ಲಿ ಹಿಚುಕಿದರೆ ಪುಡಿಯಾಗುವ ಮರ. ಗಟ್ಟಿ ಇದ್ದದ್ದು ಹೊರಗಿನ ಒಂದು ತೆಳು ಬಳೆ ಮಾತ್ರ. ಗಾಳಿಯ ತೂಗಾಟಕ್ಕೆ ಆ ಬಳೆ ಸಾಕಾಗಿತ್ತು. ಹಗ್ಗದ ಕಡಿತಕ್ಕೆ ಸಾಲಲಿಲ್ಲ.

ಬಲೆ ಇಡುವ ಚಪ್ಪರದಲ್ಲಿ ಎಲ್ಲರೂ ಕೂತೆವು. ತಾಂಡೇಲ ಬೈಯಲಿಲ್ಲ. ನಿಲ್ಲಲಿ ಎಂದವನು ನಾನೇ, ಈಗ ನಿಲ್ಲಬಾರದು ಎಂದು ಹೇಳುವವನೂ ನಾನೇ ಎಂದ. ಪ್ರಾಧ್ಯಾಪಕಿ ನನ್ನನ್ನು ಸ್ವಲ್ಪ ಪಕ್ಕಕ್ಕೆ ಕರೆದುಕೊಂಡು ಹೋದರು. ಕೆಂಪು ಗುರುತಿನವು ಹೋದರೆ ಹಾರವಾಡದ ಪ್ರಶ್ನೆಗೆ ಉತ್ತರವಿಲ್ಲ. ಅಮದಳ್ಳಿಯ ಮರಗಳು ಎಳೆಯವು, ಅವುಗಳಿಂದ ಮಾತ್ರ ಹೇಳಿದರೆ ಇಲಾಖೆ ಒಪ್ಪುವುದು ಕಷ್ಟ. ಇಷ್ಟು ವಾರಗಳ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ನನ್ನ ಪ್ರಬಂಧವನ್ನು ಬೇರೆ ದಾರಿಯಲ್ಲಿ ಹೊಸದಾಗಿ ಶುರುಮಾಡಬೇಕು. ಜನರನ್ನೇ ಅಲ್ಲಿಂದ ಸರಿಸಿ, ಸುತ್ತ ಹಗ್ಗ ಕಟ್ಟಿ ಮರಗಳನ್ನು ಉಳಿಸಿಕೊಳ್ಳುವ ದಾರಿಯೂ ಇದೆ. ಇದನ್ನೆಲ್ಲ ಅವರು ಯಾವ ಕಡೆಗೂ ವಾಲದೆ ಹೇಳಿ, “ಪ್ಲಾಟು ನಿಂದು. ನೀನು ಹೇಳು,” ಎಂದರು.

ಸರಿಸಿದರೆ ಎಲ್ಲಿಗೆ ಎಂದು ನಾನು ಯೋಚಿಸಿದೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಮನೆಗಳು. ನಡುವೆ ಇರುವ ನೆರಳು ಈ ತೋಪು ಒಂದೇ. ನಮ್ಮ ಹಗ್ಗ ಎರಡು ದಿನ ನಿಲ್ಲುತ್ತದೆ, ಮೂರನೆಯ ದಿನ ಬಿಸಿಲು ಹೆಚ್ಚಾದಾಗ ಅವರು ಅದರ ಕೆಳಗೆ ನುಸುಳಿ ಬಂದು ಕೂರುತ್ತಾರೆ. ನಾನಾದರೂ ಹಾಗೆಯೇ ಮಾಡುತ್ತಿದ್ದೆ.

“ಜನ ಕೂರೋ ಜಾಗಕ್ಕೆ, ಬಲೆ ಎಳೆಯೋ ಜಾಗಕ್ಕೆ ಎಟಕುವ ಕೆಂಪು ಮರಗಳನ್ನೆಲ್ಲ ಕಡಿಸೋಣ, ಮ್ಯಾಮ್. ಅಮದಳ್ಳಿಯ ತೋಪಿಗೆ ಬೇಲಿ ಇದೆ. ಅವು ನಿಲ್ಲಲಿ.”

ಅವರು ಒಪ್ಪಿದರು. ನಾನು ಇನ್ನೊಂದು ಷರತ್ತು ಸೇರಿಸಿದೆ. ಅಷ್ಟರಲ್ಲಾಗಲೇ ಬಿದ್ದ ಮರದ ಸುದ್ದಿ ಕೇಳಿ ಒಂದು ಸಣ್ಣ ಲಾರಿ ರಸ್ತೆಯಂಚಿಗೆ ಬಂದು ನಿಂತಿತ್ತು. ಸೌದೆ ಕದ್ರಾ ಕಡೆಯ ಹೋಟೆಲಿಗೆ ಎಂದು ಚಾಲಕ ಹೇಳುತ್ತಿದ್ದ. ಒಂದು ತುಂಡು ಮರವೂ ಈ ದಂಡೆ ಬಿಟ್ಟು ಹೋಗಬಾರದು, ಕಡಿದದ್ದನ್ನು ಅಂದೇ ಇಲ್ಲೇ ಸುಡಬೇಕು ಎಂದೆ. ಸೌದೆಯ ಜೊತೆ ದುಂಬಿಯನ್ನು ನಾವೇ ಕಾಡಿಗೆ ಕಳಿಸಿಕೊಟ್ಟಂತಾಗುತ್ತದೆ. ಇದಕ್ಕೆ ಗೊಣಗಾಟ ಎದ್ದಿತು. ಅಷ್ಟು ಒಳ್ಳೆಯ ಸೌದೆ ಸುಮ್ಮನೆ ಸುಡುವುದೇ ಎಂದು ಹೆಂಗಸರೇ ಹೆಚ್ಚು ವಾದಿಸಿದರು. ಕೊನೆಗೆ ಆಯಿ ಎದ್ದು ಹೋಗಿ ಬುಡದಿಂದ ಒಂದು ತುಂಡು ಮುರಿದು ತಂದು ನೆಲಕ್ಕೆ ಕುಟ್ಟಿದಳು. ಅದರಿಂದ ನಾಲ್ಕೈದು ದುಂಬಿಗಳು ಹೊರಗೆ ಬಿದ್ದು ಹರಿದಾಡಿದವು. ವಾದ ಅಲ್ಲಿಗೆ ಮುಗಿಯಿತು. ಲಾರಿ ಖಾಲಿ ಹೋಯಿತು.

ಇಲಾಖೆಯ ಅನುಮತಿ ಬಂದು ಕಡಿಯುವವರು ಬರುವ ತನಕ ರಂಪಣಿಯವರು ಮರದ ಬದಲು ಒಂದು ಹಳೆಯ ಲಂಗರನ್ನು ಮರಳಿನಲ್ಲಿ ಹೂತು ಅದಕ್ಕೆ ಸುತ್ತು ಹಾಕಿದರು. ನಾನು ಆ ದಿನಗಳಲ್ಲಿ ಉಳಿದ ಮರಗಳಿಗೆಲ್ಲ ಕಾಂಡದ ಸುತ್ತ ಪೂರ್ತಿ ಬಣ್ಣದ ಬಳೆ ಬಳಿದೆ. ಕಡಲ ಕಡೆಯದು ಅಳಿಸಿದರೆ ಮತ್ತೆ ಬಳಿಯುವುದು ಎಂದುಕೊಂಡೆ. ಪ್ರಬಂಧದ ಪ್ರಶ್ನೆಯನ್ನೂ ಬದಲಾಯಿಸಿದೆ. ಮರ ಸಾಯುತ್ತದೋ ಬದುಕುತ್ತದೋ ಎಂಬುದನ್ನು ಬಿಟ್ಟು, ಹೊರಗಿನಿಂದ ಬಡಿದು ಕೇಳಿದ ಸದ್ದಿಗೂ ಒಳಗಿನ ಟೊಳ್ಳಿಗೂ ಎಷ್ಟು ಹೊಂದಿಕೆ ಎಂದು ಕಡಿದ ಬುಡಗಳಲ್ಲಿ ಅಳೆಯುವುದು. ಪ್ರಾಧ್ಯಾಪಕಿ ಅದನ್ನು ಓದಿ, ಇದು ಮೊದಲಿನದಕ್ಕಿಂತ ಬೇಗ ಉಪಯೋಗಕ್ಕೆ ಬರುತ್ತದೆ ಎಂದರು.

ಕಡಿಯುವ ದಿನ ನಾನು ಎಲ್ಲರನ್ನೂ ಮರದ ಎತ್ತರದ ಎರಡು ಪಟ್ಟು ದೂರಕ್ಕೆ ಸರಿಸಿದೆ. ಗರಗಸದವರು ನಕ್ಕರು. ಅಷ್ಟು ದೂರ ಹೋದರೆ ಅಂಕೋಲೆ ಪೇಟೆ ಬರುತ್ತದೆ ಎಂದರು. ನಾನು ಕದಲಲಿಲ್ಲ. ಮೊದಲನೆಯ ಮರ ಬಿತ್ತು, ಒಳಗೆ ಟೊಳ್ಳು. ಎರಡನೆಯದೂ ಹಾಗೆಯೇ. ಮೂರನೆಯದು ಬಿದ್ದಾಗ ಬುಡದ ಬಳಿ ಹೋಗಿ ನಿಂತೆ. ಹೊರಗೆ ಒಂದು ಬೆರಳಿನಷ್ಟು ಆಳಕ್ಕೆ ಮಾತ್ರ ಸುರಂಗಗಳು, ಒಳಗೆಲ್ಲ ಗಟ್ಟಿ, ಕೆಂಪಗಿನ, ನೀರು ಜಿನುಗುವ ಮರ. ಇದು ಇನ್ನೂ ಎಷ್ಟೋ ವರ್ಷ ನಿಲ್ಲುತ್ತಿತ್ತು. ಬಡಿದು ಕೇಳಿದ್ದು ನಾನೇ.

ಆಯಿ ಪಕ್ಕಕ್ಕೆ ಬಂದಳು. ಬುಡದ ಮೇಲೆ ಅಂಗೈ ಇಟ್ಟು ನೋಡಿದಳು.

“ಇದು ಗಟ್ಟಿ ಇತ್ತಲ್ಲಾ ಬಾಯಿ.”

“ಹೌದು ಆಯಿ. ಗಟ್ಟಿ ಇತ್ತು.”

ಮರ ಬಿದ್ದಲ್ಲಿ ಬಿಸಿಲು ಬಂದು ಅವಳ ಮೀನಿನ ಚಾಪೆಯ ತನಕ ತಲುಪಿತ್ತು. ಗರಗಸದವನು ಮುಂದಿನ ಮರದ ಬುಡದಲ್ಲಿ ನಿಂತು ನನ್ನ ಕಡೆ ನೋಡಿದ. ಇದೂ ಗಟ್ಟಿ ಇದ್ದರೆ ಏನು ಮಾಡುವುದು ಎಂದು ಕೇಳಿದ. ನಾನು ಹೋಗಿ ಸುತ್ತಿಗೆಯ ಹಿಡಿಯಿಂದ ಬಡಿದೆ. ಊರಿನ ಕಡೆ ಒಮ್ಮೆ, ಕಡಲ ಕಡೆ ಒಮ್ಮೆ. ಒಂದು ಕಡೆ ಚುಟುಕಾದ ಸದ್ದು, ಇನ್ನೊಂದು ಕಡೆ ಗುಂಯ್ ಎಂದಿತೋ ಇಲ್ಲವೋ ಖಚಿತವಾಗಲಿಲ್ಲ. ಮರದ ಕೆಳಗಿನ ಮರಳು ದಿನವೂ ಕೂತು ಕೂತು ನುಣುಪಾಗಿತ್ತು. ಒಬ್ಬಳು ಮರೆತು ಬಿಟ್ಟುಹೋದ ಎಲೆಯಡಿಕೆಯ ಚಂಚಿ ಬೇರಿನ ಸಂದಿನಲ್ಲಿತ್ತು. ಅದನ್ನು ತೆಗೆದುಕೊಂಡು ಹಿಂದೆ ಸರಿದೆ.

“ಕಡೀರಿ,” ಎಂದೆ.